ಬಿಲಾಲರ ಕಂಠದಿಂದ ಮಸೀದಿಯ ಮೈಕ್‌ವರೆಗೆ

ಪ್ರವಾದಿ ಮುಹಮ್ಮದ್(ಸ) ರಾತ್ರಿ ಹೊತ್ತು ಬಂದಾಗ ಸಲಾಂ ಹೇಳುತ್ತಿದ್ದ ರೀತಿಯನ್ನು ಹಜ್ರತ್ ಮಿಕ್ದಾದ್(ರ) ನಮಗೆ ತಿಳಿಸಿಕೊಟ್ಟಿದ್ದಾರೆ. ಮಿಕ್ದಾದ್ ಮತ್ತು ಅವರ ಇಬ್ಬರು ಸಂಗಡಿಗರು ಹಸಿವಿನಿಂದ ಬಳಲಿ ಪ್ರವಾದಿಯವರ ಅತಿಥಿಗಳಾಗಿದ್ದ ದಿನಗಳವು. ರಾತ್ರಿ ತಡವಾಗಿ ಬರುತ್ತಿದ್ದ ಪ್ರವಾದಿ(ಸ) ಎಚ್ಚರವಿದ್ದವರಿಗೆ ಕೇಳಿಸುವಷ್ಟು, ಮಲಗಿದವರಿಗೆ ಎಚ್ಚರವಾಗದಷ್ಟು ಧ್ವನಿಯಲ್ಲಿ ಸಲಾಂ ಹೇಳುತ್ತಿದ್ದರು. ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಸಲಾಂ ಹೇಳುವುದರ ಪುಣ್ಯದ ಬಗ್ಗೆ ನಾವು ಎಷ್ಟೋ ಜುಮಾ ಖುತ್ಬಾಗಳಲ್ಲಿ ಕೇಳಿದ್ದೇವೆ. ಆದರೆ ಸಲಾಂಗೂ ಒಂದು ಧ್ವನಿಯ ಅಳತೆ ಇದೆ, ಆ ಅಳತೆಯನ್ನು ಪಕ್ಕದಲ್ಲಿ ಮಲಗಿದವನ ನಿದ್ದೆ ನಿರ್ಧರಿಸುತ್ತದೆ ಎಂಬುದನ್ನು ಕೇಳಿದ್ದು ಕಡಿಮೆ.

ಕೆಲವು ವರ್ಷಗಳಿಂದ ಶಬ್ದ ಎಂಬುದು ಹುಬ್ಬಳ್ಳಿ-ಧಾರವಾಡದಲ್ಲೂ ಇಡೀ ರಾಜ್ಯದಲ್ಲೂ ಜಗಳದ ವಸ್ತುವಾಗಿದೆ. ಮೈಕ್ ಎಂದರೆ ಕೋರ್ಟು, ಪೊಲೀಸು, ಪ್ರತಿಭಟನೆ ಎನ್ನುವಂತಾಗಿದೆ. ಈ ಗದ್ದಲದ ನಡುವೆ ಒಮ್ಮೆ ಇತಿಹಾಸದ ಕಡೆ ತಿರುಗಿ ನೋಡುವುದು ಒಳ್ಳೆಯದು. ಅಜಾನ್ ಎಲ್ಲಿಂದ ಬಂತು, ಮೈಕ್ ಎಂದು ಬಂತು, ನೆರೆಯವರ ಕಿವಿಯ ಹಕ್ಕಿನ ಬಗ್ಗೆ ನಮ್ಮ ಹಿರಿಯರು ಏನು ತಿಳಿದಿದ್ದರು ಎಂಬುದನ್ನು ಅರಿತರೆ ನಾವು ಏನು ಮಾಡಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಮದೀನಾದ ಧ್ವನಿ

ಹಿಜರತ್‌ನ ನಂತರ ಮದೀನಾದಲ್ಲಿ ಮಸೀದಿ ಎದ್ದಿತು. ಜನರನ್ನು ನಮಾಜ್‌ಗೆ ಕರೆಯುವುದು ಹೇಗೆ ಎಂಬ ಪ್ರಶ್ನೆಯೂ ಅದರೊಂದಿಗೆ ಬಂತು. ಕೊಂಬು ಊದುವ ಸಲಹೆ ಬಂತು, ಗಂಟೆಯ ಮಾತೂ ಬಂತು. ಕೊನೆಗೆ ಹಜ್ರತ್ ಅಬ್ದುಲ್ಲಾ ಇಬ್ನ್ ಝೈದ್(ರ) ಕಂಡ ಕನಸಿನಂತೆ ಮನುಷ್ಯನ ಕಂಠದಿಂದಲೇ ಕರೆ ಕೊಡುವುದೆಂದು ತೀರ್ಮಾನವಾಯಿತು. ಕನಸು ಕಂಡವರು ಅಬ್ದುಲ್ಲಾ ಆದರೂ ಅಜಾನ್ ಹೇಳುವ ಭಾಗ್ಯ ಹಜ್ರತ್ ಬಿಲಾಲ್(ರ) ಅವರ ಪಾಲಿಗೆ ಬಂತು, ಏಕೆಂದರೆ ಅವರ ಕಂಠ ಚೆನ್ನಾಗಿತ್ತು. ಒಂದು ಕಾಲಕ್ಕೆ ಗುಲಾಮರಾಗಿದ್ದವರ ಧ್ವನಿ ಇಡೀ ಊರನ್ನು ಕರೆಯುವ ಧ್ವನಿಯಾಯಿತು.

ಆಗ ಮಿನಾರ್ ಇರಲಿಲ್ಲ. ಮಸೀದಿಯ ಪಕ್ಕದಲ್ಲಿ ಬನೂ ನಜ್ಜಾರ್ ಕುಲದ ಒಬ್ಬ ಮಹಿಳೆಯ ಮನೆ ಎಲ್ಲಕ್ಕಿಂತ ಎತ್ತರವಾಗಿತ್ತು. ಬಿಲಾಲ್(ರ) ನಸುಕಿಗೂ ಮೊದಲೇ ಬಂದು ಆ ಮನೆಯ ಮೇಲೆ ಕುಳಿತು ಬೆಳಕು ಮೂಡುವುದನ್ನು ಕಾಯುತ್ತಿದ್ದರು ಎಂದು ಅಬೂದಾವೂದ್‌ನಲ್ಲಿ ಬಂದಿದೆ. ಅಂದರೆ ಇಸ್ಲಾಮಿನ ಮೊದಲ ಮುಅಜ್ಜಿನ್ ಅಜಾನ್ ಹೇಳಿದ್ದು ನೆರೆಮನೆಯ ಮಾಳಿಗೆಯಿಂದ, ಆ ಮನೆಯವರ ಒಪ್ಪಿಗೆಯಿಂದ. ಮಸೀದಿಗೆ ಮಿನಾರ್ ಕಟ್ಟುವ ಪದ್ಧತಿ ಉಮಯ್ಯಾ ಖಲೀಫರ ಕಾಲದಲ್ಲಿ ಬೆಳೆಯಿತು.

ಅಜಾನ್ ಗಟ್ಟಿಯಾಗಿ ಹೇಳಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಅಜಾನ್ ಮುಗಿದ ಮೇಲೆ? ಪ್ರವಾದಿ(ಸ) ಮಸೀದಿಯಲ್ಲಿ ಇಅತಿಕಾಫ್ ಕುಳಿತಿದ್ದಾಗ ಜನ ಜೋರಾಗಿ ಕುರ್‌ಆನ್ ಓದುವುದು ಕೇಳಿಸಿತು. ಅವರು ಪರದೆ ಸರಿಸಿ, ಪ್ರತಿಯೊಬ್ಬನೂ ತನ್ನ ಪ್ರಭುವಿನೊಡನೆ ಮಾತಾಡುತ್ತಿದ್ದಾನೆ, ಒಬ್ಬರು ಇನ್ನೊಬ್ಬರಿಗೆ ತೊಂದರೆ ಕೊಡಬೇಡಿ, ಒಬ್ಬರ ಮೇಲೆ ಒಬ್ಬರು ಧ್ವನಿ ಏರಿಸಬೇಡಿ ಎಂದು ತಿಳಿಹೇಳಿದರು. ಇಲ್ಲಿ ಗಮನಿಸಬೇಕಾದದ್ದು, ಅವರು ಓದುತ್ತಿದ್ದದ್ದು ಕುರ್‌ಆನ್, ಓದುತ್ತಿದ್ದ ಸ್ಥಳ ಮಸೀದಿ. ಆದರೂ ಪಕ್ಕದವನಿಗೆ ತೊಂದರೆಯಾಗಬಾರದು ಎಂಬ ನಿಯಮಕ್ಕೆ ರಿಯಾಯಿತಿ ಸಿಗಲಿಲ್ಲ. ಖೈಬರ್ ಪ್ರಯಾಣದಲ್ಲಿ ಸಹಾಬಿಗಳು ತಕ್ಬೀರ್ ಕೂಗಿ ಹೇಳತೊಡಗಿದಾಗಲೂ, ನೀವು ಕರೆಯುತ್ತಿರುವವನು ಕಿವುಡನಲ್ಲ, ದೂರದಲ್ಲೂ ಇಲ್ಲ ಎಂದು ಪ್ರವಾದಿ(ಸ) ನೆನಪಿಸಿದರು.

ಹಜ್ರತ್ ಉಮರ್(ರ) ಅವರ ಆಡಳಿತದಲ್ಲಿ ಇದು ಶಿಸ್ತಿನ ವಿಷಯವೂ ಆಯಿತು. ಮಸ್ಜಿದುನ್ನಬವಿಯಲ್ಲಿ ಇಬ್ಬರು ದನಿ ಏರಿಸಿ ಮಾತಾಡುತ್ತಿದ್ದರು. ಉಮರ್(ರ) ಅವರನ್ನು ಕರೆಸಿ ಯಾವ ಊರಿನವರೆಂದು ಕೇಳಿದರು. ತಾಯಿಫ್‌ನವರು ಎಂದು ತಿಳಿದಾಗ, ನೀವು ಈ ಊರಿನವರಾಗಿದ್ದರೆ ಶಿಕ್ಷೆ ಕೊಡುತ್ತಿದ್ದೆ ಎಂದರು. ಇದು ಸಹೀಹ್ ಬುಖಾರಿಯಲ್ಲಿದೆ. ಮದೀನಾದ ಚರಿತ್ರೆ ಬರೆದ ಇಬ್ನ್ ಶಬ್ಬಾ ಇನ್ನೊಂದು ಪ್ರಸಂಗ ದಾಖಲಿಸಿದ್ದಾರೆ. ಒಬ್ಬ ಉಪದೇಶಕ ಹಜ್ರತ್ ಆಯಿಶಾ(ರ) ಅವರ ಕೋಣೆಯ ಎದುರಿಗೇ ಜೋರಾಗಿ ಬಯಾನ್ ಮಾಡುತ್ತಿದ್ದ. ಅವರಿಗೆ ಅದರಿಂದ ತೊಂದರೆಯಾಗಿ ಖಲೀಫರಿಗೆ ದೂರು ಕೊಟ್ಟರು, ಖಲೀಫರು ಆ ಉಪದೇಶಕನನ್ನು ತಡೆದರು. ದೂರು ಕೊಟ್ಟವರು ವಿಶ್ವಾಸಿಗಳ ಮಾತೆ. ದೂರು ದೀನ್‌ನ ವಿರುದ್ಧವಾಗಿರಲಿಲ್ಲ, ಗದ್ದಲದ ವಿರುದ್ಧವಾಗಿತ್ತು.

ಅವಳಿ ನಗರದ ಸದ್ದುಗಳು

ಈಗ ನಮ್ಮ ಊರಿಗೆ ಬರೋಣ. ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಮಹಾನಗರ ಪಾಲಿಕೆಯಾದವು. ಅದಕ್ಕೂ ಮೊದಲು ಎರಡೂ ಊರಿನ ಸದ್ದು ಬೇರೆ ಬೇರೆಯಾಗಿತ್ತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂತು, ರೈಲ್ವೆ ವರ್ಕ್‌ಶಾಪ್ ಬಂತು, ಹತ್ತಿ ಗಿರಣಿಗಳು ಬಂದವು. ಗಿರಣಿಯ ಭೋಂಗಾ ಕೂಗಿದಾಗ ಕಾರ್ಮಿಕರು ಮನೆಯಿಂದ ಹೊರಡುವ ಊರು ಅದು. ಧಾರವಾಡ ಕಚೇರಿ, ಕಾಲೇಜು, ಪಿಂಚಣಿದಾರರ ಶಾಂತ ಊರು.

ಅದು ಕಿವಿಗೊಟ್ಟು ಕೇಳುವ ಊರೂ ಆಗಿತ್ತು. ಸಂಗೀತದ ಬಗ್ಗೆ ಉಲಮಾಗಳ ಅಭಿಪ್ರಾಯ ಏನೇ ಇರಲಿ, ಈ ಭಾಗದ ಚರಿತ್ರೆಯಲ್ಲಿ ಒಂದು ಸಂಗತಿ ನಿಜ. ಉತ್ತರ ಭಾರತದ ಕೈರಾನಾದಿಂದ ಬಂದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಈ ನೆಲಕ್ಕೆ ಬಂದು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರಿಗೆ ಕಲಿಸಿದರು. ಸಿತಾರ್ ರತ್ನ ಎಂದು ಹೆಸರಾದ ರಹಿಮತ್ ಖಾನರು ಧಾರವಾಡದಲ್ಲೇ ನೆಲೆಸಿದರು. ಮೈಕ್ ಇಲ್ಲದ ಕಾಲದಲ್ಲಿ ಜನ ಹತ್ತಿರ ಕುಳಿತು ಕೇಳುತ್ತಿದ್ದರು. ಹೇಳುವವನು ಕಿರುಚಬೇಕಿರಲಿಲ್ಲ, ಕೇಳುವವನು ಮೌನವಾಗಿದ್ದರೆ ಸಾಕಿತ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗಲೂ ರೇಡಿಯೋ ಇದ್ದ ಮನೆಯ ಪಡಸಾಲೆಗೆ ಹೋಗಿ ಕೇಳುವ ರೂಢಿ ಇತ್ತು.

ಗದ್ದಲವೇ ಇರಲಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಹೋಳಿ ಹುಣ್ಣಿಮೆಗೆ ಹಲಗೆ ಇತ್ತು, ಮೊಹರಂಗೂ ಹಲಗೆ ಇತ್ತು. ಆದರೆ ಹಲಗೆ ಬಾರಿಸುವವನ ಕೈ ಸೋಲುತ್ತಿತ್ತು, ಕೂಗುವವನ ಗಂಟಲು ಕಟ್ಟುತ್ತಿತ್ತು. ಮನುಷ್ಯ ಮಾಡುವ ಸದ್ದಿಗೆ ಅಲ್ಲಾಹನು ದೇಹದಲ್ಲೇ ಒಂದು ಮಿತಿ ಇಟ್ಟಿದ್ದನು.

ನಾವು ಮೌನ ಕೇಳಿದ ಕಾಲ

ಬ್ರಿಟಿಷರ ಕಾಲದಲ್ಲಿ ಶಬ್ದದ ಜಗಳ ಬೇರೆಯೇ ರೂಪದಲ್ಲಿತ್ತು. ಹಬ್ಬಗಳಲ್ಲಿ ಬೀದಿಯಲ್ಲಿ ಎಷ್ಟು ವಾದ್ಯ ಬಾರಿಸಬಹುದು ಎಂಬುದನ್ನು ನಿಯಂತ್ರಿಸುವ ಅಧಿಕಾರವನ್ನು 1861ರ ಪೊಲೀಸ್ ಕಾಯ್ದೆಯ 30ನೇ ಕಲಂ ಪೊಲೀಸರಿಗೆ ಕೊಟ್ಟಿತ್ತು. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅದೇ ಪ್ರಾಂತ್ಯದ ಪುಣೆಯಲ್ಲಿ 1894ರಲ್ಲಿ ಮಸೀದಿ ಮುಂದೆ ವಾದ್ಯ ಬಾರಿಸಿದ ವಿಷಯಕ್ಕೆ ಗಲಭೆಯಾಯಿತು. ಮುಂದಿನ ಮೂರು ದಶಕ ದೇಶದ ಅನೇಕ ಊರುಗಳಲ್ಲಿ ಇದೇ ಕಥೆ. ಮೆರವಣಿಗೆ ಬರುತ್ತದೆ, ಮಸೀದಿ ಎದುರು ವಾದ್ಯ ನಿಲ್ಲಿಸಿ ಎಂದು ಮುಸ್ಲಿಮರು ಕೇಳುತ್ತಾರೆ, ನಿಲ್ಲಿಸುವುದಿಲ್ಲ ಎಂದು ಇನ್ನೊಂದು ಕಡೆಯವರು ಹಟ ಹಿಡಿಯುತ್ತಾರೆ.

1924ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ಬಗ್ಗೆ ಒಂದು ಮುಖ್ಯ ತೀರ್ಪು ಕೊಟ್ಟಿತು. ಸಾರ್ವಜನಿಕ ರಸ್ತೆಯಲ್ಲಿ ಧಾರ್ಮಿಕ ಮೆರವಣಿಗೆ ಹೋಗುವ ಹಕ್ಕಿದೆ, ಆದರೆ ಅದು ಮ್ಯಾಜಿಸ್ಟ್ರೇಟರ ಆದೇಶಕ್ಕೂ ರಸ್ತೆಯಲ್ಲಿ ಓಡಾಡುವ ಇತರರ ಹಕ್ಕಿಗೂ ಒಳಪಟ್ಟಿದೆ ಎಂಬುದು ಅದರ ಸಾರ. ಈ ಪ್ರಕರಣದ ಎರಡೂ ಕಡೆಯವರು ಮುಸ್ಲಿಮರೇ ಆಗಿದ್ದರು. ಉತ್ತರ ಭಾರತದ ಒಂದು ಊರಿನಲ್ಲಿ ಶಿಯಾ ಬಾಂಧವರ ಮೊಹರಂ ಮೆರವಣಿಗೆ ಮಸೀದಿಯ ಬಳಿ ನಿಂತು ಮಾತಂ ಮಾಡುವುದಕ್ಕೆ ಸುನ್ನಿ ಬಾಂಧವರು ತಕರಾರು ಎತ್ತಿದ್ದರು. ಶಬ್ದಕ್ಕೆ ಧರ್ಮವಿಲ್ಲ, ಪಂಗಡವೂ ಇಲ್ಲ. ಯಾರ ಕಿವಿಗೆ ಬೀಳುತ್ತದೋ ಅವರಿಗೆ ಅದು ಗದ್ದಲ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದದ್ದು ಇಷ್ಟು. ಒಂದು ನೂರು ವರ್ಷಗಳ ಹಿಂದೆ, ನಮಾಜ್ ನಡೆಯುವ ಹೊತ್ತಿಗೆ ಸ್ವಲ್ಪ ಮೌನ ಕೊಡಿ ಎಂದು ನೆರೆಯವರನ್ನು ಕೇಳಿದವರು ನಾವು. ಆ ಬೇಡಿಕೆ ನ್ಯಾಯವಾಗಿತ್ತು ಎಂದು ಇಂದಿಗೂ ನಂಬುತ್ತೇವೆ. ಹಾಗಿದ್ದರೆ ಇಂದು ನೆರೆಯವನು ನಿದ್ದೆಗಾಗಿ, ಮಗುವಿನ ಪರೀಕ್ಷೆಗಾಗಿ, ಹಾಸಿಗೆ ಹಿಡಿದ ತಾಯಿಗಾಗಿ ಸ್ವಲ್ಪ ಮೌನ ಕೇಳಿದರೆ, ಅದು ನ್ಯಾಯವಲ್ಲ ಎನ್ನಲು ನಮಗೆ ಬಾಯಿ ಬರಬಾರದು.

ಯಂತ್ರ ಬಂತು

ಧ್ವನಿವರ್ಧಕ 20ನೇ ಶತಮಾನದ ಯಂತ್ರ. ನಮ್ಮ ದೇಶದಲ್ಲಿ 1930ರ ದಶಕದ ಹೊತ್ತಿಗೆ ಕಾಂಗ್ರೆಸ್ ಅಧಿವೇಶನಗಳಲ್ಲಿ ಮುಂಬೈನ ಶಿಕಾಗೋ ರೇಡಿಯೋ ಸಂಸ್ಥೆಯ ಮೈಕ್‌ಗಳು ಕಾಣತೊಡಗಿದವು. ಸಿಂಗಾಪುರದ ಸುಲ್ತಾನ್ ಮಸೀದಿಯಲ್ಲಿ 1936ರಲ್ಲಿ ಧ್ವನಿವರ್ಧಕ ಅಳವಡಿಸಲಾಯಿತು. ಅಜಾನ್‌ಗೆ ಈ ಯಂತ್ರವನ್ನು ಬಳಸಿದ ಮೊದಮೊದಲ ಮಸೀದಿಗಳಲ್ಲಿ ಅದೂ ಒಂದು. ಅಂದರೆ 1,300 ವರ್ಷಗಳ ಕಾಲ ಅಜಾನ್ ಮನುಷ್ಯನ ಕಂಠದಲ್ಲೇ ಉಳಿದಿತ್ತು, ಮೈಕ್‌ನಲ್ಲಿ ಬಂದದ್ದು ಒಂದು ನೂರು ವರ್ಷಕ್ಕೂ ಕಡಿಮೆ.

ಭಾರತದ ಉಲಮಾಗಳು ಈ ಯಂತ್ರವನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಮೈಕ್‌ನಿಂದ ಬರುವುದು ಇಮಾಮರ ಧ್ವನಿಯೋ ಅದರ ಪ್ರತಿಧ್ವನಿಯೋ, ಅದನ್ನು ಕೇಳಿ ರುಕೂಅ್ ಸಜ್ದಾ ಮಾಡಿದರೆ ನಮಾಜ್ ಆಗುತ್ತದೆಯೋ ಇಲ್ಲವೋ ಎಂದು ದೀರ್ಘ ಚರ್ಚೆ ನಡೆಯಿತು. ಮೌಲಾನಾ ಅಶ್ರಫ್ ಅಲಿ ಥಾನವಿಯವರು ಮೊದಲಿಗೆ ನಮಾಜ್‌ನಲ್ಲಿ ಇದರ ಬಳಕೆಯನ್ನು ಒಪ್ಪಿರಲಿಲ್ಲ. ಮುಫ್ತಿ ಮುಹಮ್ಮದ್ ಶಫೀಯವರು ಈ ಯಂತ್ರದ ಬಗ್ಗೆಯೇ ಒಂದು ಪುಸ್ತಿಕೆ ಬರೆದರು. ಯಂತ್ರದ ಸ್ವರೂಪ ತಿಳಿದವರನ್ನು ವಿಚಾರಿಸಿದ ನಂತರ ನಮಾಜ್ ಸಿಂಧು ಎಂಬ ಅಭಿಪ್ರಾಯ ನೆಲೆಯಾಯಿತು. ಅವರು ಕೇಳಿದ ಪ್ರಶ್ನೆ, ಇದನ್ನು ಬಳಸಬಹುದೇ ಎಂಬುದು. ಅದಕ್ಕೆ ಉತ್ತರ ಸಿಕ್ಕ ಮೇಲೆ, ಎಷ್ಟು ಬಳಸಬೇಕು ಎಂಬ ಪ್ರಶ್ನೆ ನಾವು ಕೇಳಬೇಕಿತ್ತು. ನಾವು ಕೇಳಲಿಲ್ಲ. ವಿದ್ಯುತ್ ಬಂತು, ಆಂಪ್ಲಿಫಯರ್ ಅಗ್ಗವಾಯಿತು, ಒಂದು ಹಾರ್ನ್ ಇದ್ದಲ್ಲಿ ನಾಲ್ಕು ಬಂದವು. ದೇಹ ಇಟ್ಟಿದ್ದ ಮಿತಿಯನ್ನು ಯಂತ್ರ ತೆಗೆದುಹಾಕಿತು.

ಇದು ಮಸೀದಿಯೊಂದರ ಕಥೆಯಲ್ಲ. ಗುಡಿ, ಚರ್ಚು, ರಾಜಕೀಯ ಸಭೆ, ಮದುವೆ ಮಂಟಪ, ಗಣಪತಿ ಮೆರವಣಿಗೆ, ಮೀಲಾದ್ ಜುಲೂಸ್ ಎಲ್ಲಕ್ಕೂ ಇದೇ ಆಯಿತು. ಇಂದು ನಮ್ಮ ಸುತ್ತಲ ಹಳ್ಳಿಗಳ ಟ್ರ್ಯಾಕ್ಟರ್‌ಗೂ ಸ್ಪೀಕರ್ ಬಂದಿದೆ. ಬೈಕಿನ ಸೈಲೆನ್ಸರ್ ಬಿಚ್ಚುವುದು ಹುಡುಗರಿಗೆ ಶೋಕಿಯಾಗಿದೆ.

ದೇಹಕ್ಕೆ ಬೀಳುವ ಹೊರೆ

ಶಬ್ದವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಈ ಲೆಕ್ಕ ಕಿಲೋ, ಲೀಟರಿನಂತಲ್ಲ. 10 ಡೆಸಿಬಲ್ ಹೆಚ್ಚಾದರೆ ಶಬ್ದದ ಶಕ್ತಿ 10 ಪಟ್ಟು ಏರುತ್ತದೆ, ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳಿಸುತ್ತದೆ. ಒಳ್ಳೆಯ ನಿದ್ದೆಗೆ ಮಲಗುವ ಕೋಣೆಯಲ್ಲಿ ಸತತ ಶಬ್ದ 30 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು, ಅದೇ 90 ಆದರೆ ವಾರಕ್ಕೆ 4 ಗಂಟೆ ಮಾತ್ರ ಎಂಬುದೂ ಅದರ ಸಲಹೆ. ಮೆರವಣಿಗೆಯ ಡಿಜೆ ಪಕ್ಕದಲ್ಲಿ 100 ದಾಟುವುದು ಸಾಮಾನ್ಯ. ಅಲ್ಲಿ ತಂದೆಯ ಹೆಗಲ ಮೇಲೆ ಕುಳಿತ ಮಗುವಿನ ಕಿವಿಯ ಗತಿ ಏನು?

ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಪೆಟ್ಟಾಗದಷ್ಟು ಶಬ್ದವೂ ನಿದ್ದೆ ಕೆಡಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ, ದೀರ್ಘಕಾಲದಲ್ಲಿ ಹೃದಯಕ್ಕೆ ಹೊರೆಯಾಗುತ್ತದೆ. ಮಕ್ಕಳ ಓದಿಗೂ ಅಡ್ಡಿಯಾಗುತ್ತದೆ. ನಮ್ಮ ಮೊಹಲ್ಲಾಗಳಲ್ಲಿ ಮನೆಗಳು ಚಿಕ್ಕವು, ಒತ್ತೊತ್ತಾಗಿ ಇವೆ. ಮಸೀದಿಯ ಹಾರ್ನ್ ಎದುರಿಗಿರುವ ಕಿಟಕಿ ಬಹಳ ಸಲ ನಮ್ಮವರದೇ. ರಾತ್ರಿ ಪಾಳಿ ಮುಗಿಸಿ ಬಂದ ನಮ್ಮದೇ ಹುಡುಗ, ಎಸ್ಸೆಸ್ಸೆಲ್ಸಿಗೆ ಓದುತ್ತಿರುವ ನಮ್ಮದೇ ಹುಡುಗಿ ಆ ಕಿಟಕಿಯ ಹಿಂದಿದ್ದಾರೆ. ಅವರು ಬಾಯಿ ಬಿಡುವುದಿಲ್ಲ, ದೀನ್‌ನ ವಿರುದ್ಧ ಮಾತಾಡಿದಂತಾದೀತು ಎಂಬ ಹೆದರಿಕೆ. ಹಜ್ರತ್ ಆಯಿಶಾ(ರ) ಅವರಿಗೆ ಆ ಹೆದರಿಕೆ ಇರಲಿಲ್ಲ.

ಕಾನೂನು ಮತ್ತು 2022

ಕೇಂದ್ರ ಸರ್ಕಾರ 2000ರಲ್ಲಿ ಶಬ್ದಮಾಲಿನ್ಯ ನಿಯಮಗಳನ್ನು ತಂದಿತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಹಗಲು 50, ರಾತ್ರಿ 40. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಗೊಳಿಸಿತು. ಆ ಪ್ರಕರಣದ ಹಿನ್ನೆಲೆ ಕೇಳಿದರೆ ಎದೆ ನಡುಗುತ್ತದೆ. 13 ವರ್ಷದ ಒಬ್ಬ ಬಾಲಕಿಯ ಮೇಲೆ ಅತ್ಯಾಚಾರ ನಡೆದಿತ್ತು. ನೆರೆಹೊರೆಯಲ್ಲಿ ಮೊರೆಯುತ್ತಿದ್ದ ಧ್ವನಿವರ್ಧಕದ ಹಾಡಿನಲ್ಲಿ ಆಕೆಯ ಕೂಗು ಯಾರಿಗೂ ಕೇಳಿಸಲಿಲ್ಲ. ಗದ್ದಲ ನಿದ್ದೆಯನ್ನಷ್ಟೇ ಅಲ್ಲ, ಸಹಾಯಕ್ಕಾಗಿ ಇಟ್ಟ ಮೊರೆಯನ್ನೂ ನುಂಗುತ್ತದೆ.

ಕರ್ನಾಟಕ ವಕ್ಫ್ ಮಂಡಳಿ 2021ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿತು. ಹೊರಗಿನ ಮೈಕ್ ಅಜಾನ್‌ಗೆ ಮತ್ತು ಮರಣ, ದಫನ್ ವೇಳೆ, ಚಂದ್ರದರ್ಶನದಂಥ ಮುಖ್ಯ ಪ್ರಕಟಣೆಗೆ ಮಾತ್ರ, ನಮಾಜ್, ಜುಮಾ ಖುತ್ಬಾ, ಬಯಾನ್‌ಗಳಿಗೆ ಒಳಗಿನ ಸ್ಪೀಕರ್ ಸಾಕು ಎಂದು ಅದರಲ್ಲಿತ್ತು. ಎಷ್ಟು ಜಮಾಅತ್‌ಗಳು ಅದನ್ನು ಓದಿ ಪಾಲಿಸಿದವು ಎಂದು ಪ್ರತಿಯೊಬ್ಬರೂ ತಮ್ಮ ಮಸೀದಿಯನ್ನು ನೋಡಿ ಹೇಳಬಹುದು.

ಮರುವರ್ಷ ವಿಷಯ ಬೀದಿಗೆ ಬಂತು. 2022ರ ಮೇ 9ರ ನಸುಕಿನಲ್ಲಿ ಶ್ರೀರಾಮ ಸೇನೆ ರಾಜ್ಯದ ಹಲವೆಡೆ ಅಜಾನ್‌ಗೆ ಪ್ರತಿಯಾಗಿ ಹನುಮಾನ್ ಚಾಲೀಸಾ, ಸುಪ್ರಭಾತ ಹಾಕುವ ಅಭಿಯಾನ ನಡೆಸಿತು. ಗದ್ದಲ ನಿಲ್ಲಿಸಲು ಇನ್ನೊಂದು ಗದ್ದಲ. ಮರುದಿನ ಮೇ 10ರಂದು ಸರ್ಕಾರ, ಧ್ವನಿವರ್ಧಕ ಬಳಸುವ ಎಲ್ಲರೂ 15 ದಿನದೊಳಗೆ ಲಿಖಿತ ಅನುಮತಿ ಪಡೆಯಬೇಕು ಎಂದು ಆದೇಶಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ, ಅಜಾನ್‌ನ ಪದಗಳೇ ಬೇರೆ ಧರ್ಮದವರ ಹಕ್ಕಿಗೆ ಧಕ್ಕೆ ಎಂಬ ವಾದವನ್ನು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಶಬ್ದದ ನಿಯಮ ಮಾತ್ರ ಪಾಲನೆಯಾಗಲೇಬೇಕು ಎಂದಿತು. ಈ ವ್ಯತ್ಯಾಸ ನಮಗೆ ಸ್ಪಷ್ಟವಿರಬೇಕು. ಅಜಾನ್ ನಮ್ಮದು, ಅದನ್ನು ಯಾರೂ ಕಿತ್ತುಕೊಂಡಿಲ್ಲ. ಪ್ರಶ್ನೆ ಇರುವುದು ಆಂಪ್ಲಿಫಯರ್‌ನ ಗುಂಡಿಯ ಬಗ್ಗೆ.

ನಮ್ಮ ನೋವು ಸುಳ್ಳಲ್ಲ. ಕೆಲವು ನಿಮಿಷಗಳ ಅಜಾನ್ ಬಗ್ಗೆ ಎದ್ದ ಕೂಗು, ಮಧ್ಯರಾತ್ರಿಯವರೆಗೆ ನಡೆಯುವ ಇತರ ಡಿಜೆಗಳ ಬಗ್ಗೆ ಅಷ್ಟೇ ಜೋರಾಗಿ ಏಳಲಿಲ್ಲ. ಕಾನೂನು ಎಲ್ಲರಿಗೂ ಒಂದೇ ಆಗಿರಬೇಕೆಂದು ಕೇಳುವುದು ನಮ್ಮ ಹಕ್ಕು, ಕೇಳುತ್ತಲೂ ಇರಬೇಕು. ಆದರೆ ಆ ನೋವಿನಿಂದ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಹುಟ್ಟಿತು. ಧ್ವನಿ ತಗ್ಗಿಸಿದರೆ ತಲೆ ತಗ್ಗಿಸಿದಂತೆ ಎಂದು ಕೆಲವರು ಭಾವಿಸಿದರು. ಬಿಲಾಲ್(ರ) ಅವರ ಬಳಿ ಒಂದು ವ್ಯಾಟ್‌ನ ಯಂತ್ರವೂ ಇರಲಿಲ್ಲ. ಅವರಿಗೆ ಸಿಕ್ಕ ಮರ್ಯಾದೆ ಇಂದಿನ ಯಾವ ಹಾರ್ನ್‌ಗೆ ಸಿಕ್ಕಿದೆ? ಹಜ್ರತ್ ಲುಕ್ಮಾನರು ಮಗನಿಗೆ ಕೊಟ್ಟ ಉಪದೇಶದಲ್ಲಿ ಧ್ವನಿ ತಗ್ಗಿಸು ಎಂಬುದೂ ಇದೆ, ಕತ್ತೆಯ ಕೂಗಿನ ಉದಾಹರಣೆಯೂ ಇದೆ. ಕುರ್‌ಆನ್ ಅದನ್ನು ವಿವೇಕವೆಂದು ನಮ್ಮ ಮುಂದಿಟ್ಟಿದೆ, ಸೋಲು ಎಂದಲ್ಲ.

ನಮ್ಮ ಕೈಯಲ್ಲಿರುವುದು

ಸಹೋದರರೇ, ಪೊಲೀಸರ ನೋಟಿಸ್ ಬರುವ ಮೊದಲೇ ಮಾಡಬಹುದಾದ ಕೆಲಸಗಳಿವೆ. ಮುತವಲ್ಲಿಗಳು ಒಂದು ದಿನ ಅಜಾನ್ ವೇಳೆ ಮಸೀದಿಯೊಳಗೆ ನಿಲ್ಲದೆ, ಎದುರು ಮನೆಯ ಬಾಗಿಲಲ್ಲಿ ನಿಂತು ಕೇಳಲಿ. ಹಾರ್ನ್ ಯಾರದೋ ಕಿಟಕಿಗೆ ನೇರವಾಗಿದ್ದರೆ ತಿರುಗಿಸಲಿ. ಜುಮಾ ಬಯಾನ್, ಮದ್ರಸಾ ಜಲ್ಸಾಗಳಿಗೆ ಒಳಗಿನ ಸ್ಪೀಕರ್ ಮಾತ್ರ ಇರಲಿ. ಹೊರಗಿನ ರಸ್ತೆಯಲ್ಲಿ ಹೋಗುವವನಿಗೆ ಅರ್ಧ ಮಾತು ಕೇಳಿಸಿದರೆ ಅದು ದಅವತ್ ಆಗುವುದಿಲ್ಲ. ಅಕ್ಕಪಕ್ಕದ ಮಸೀದಿಗಳ ಜಮಾಅತ್‌ನವರು ಕೂತು ಮಾತಾಡಿ ಧ್ವನಿ ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಲಿ. ರಮ್ಜಾನ್‌ನಲ್ಲಿ ಸಹರಿಗೆ ಎಬ್ಬಿಸಲು ಪ್ರತಿ ಮನೆಯಲ್ಲೂ ಮೊಬೈಲ್ ಅಲಾರ್ಮ್ ಇದೆ, ಪದೇಪದೇ ಮೈಕ್‌ನಲ್ಲಿ ಕೂಗುವ ಅಗತ್ಯ ಉಳಿದಿಲ್ಲ. ಮೀಲಾದ್ ಜುಲೂಸ್‌ನಲ್ಲಿ ಡಿಜೆ ಬೇಡ. ನಿದ್ರಿಸುವವನಿಗೆ ಎಚ್ಚರವಾಗದಂತೆ ಸಲಾಂ ಹೇಳಿದ ಪ್ರವಾದಿಯವರ(ಸ) ಹೆಸರಿನಲ್ಲಿ ಆಸ್ಪತ್ರೆಯ ಗಾಜು ಅದುರಿಸುವುದು ಎಂಥ ಪ್ರೀತಿ? ನಮ್ಮ ಮದುವೆಗಳಿಗೂ ಇದೇ ಮಾತು.

ಇನ್ನು ಫಜರ್. ನಮ್ಮ ಊರಿನಲ್ಲಿ ಫಜರ್ ವೇಳೆ ವರ್ಷಪೂರ್ತಿ 6 ಗಂಟೆಗೆ ಮೊದಲೇ ಆರಂಭವಾಗುತ್ತದೆ. ಆದ್ದರಿಂದ ಮೈಕ್‌ನ ನಿಯಮ ನಮ್ಮನ್ನು ಹೆಚ್ಚು ತಟ್ಟುವುದು ಆ ಒಂದು ಅಜಾನ್‌ನಲ್ಲಿ. ಹಿರಿಯರಿಗೆ ಇದರಿಂದ ಬೇಸರವಾಗಿದೆ, ಅದು ನಮಗೆ ಅರ್ಥವಾಗುತ್ತದೆ. ಆದರೆ ಬರಿಗಂಠದ ಅಜಾನ್‌ಗೆ ಯಾವ ಅನುಮತಿಯೂ ಬೇಡ. ಮುಅಜ್ಜಿನ್ ಕಿವಿಗೆ ಬೆರಳಿಟ್ಟು, ಮದೀನಾದ ಆ ಮಾಳಿಗೆಯ ಮೇಲೆ ಹೇಳಿದಂತೆ ಹೇಳಿದರೆ ಹತ್ತಿರದ ಮನೆಗಳಿಗೆ ಕೇಳಿಸುತ್ತದೆ. ದೂರದವರನ್ನು ಎಬ್ಬಿಸುವ ಹೊಣೆ ಮನೆಯ ತಂದೆಗೆ, ತಾಯಿಗೆ, ಅಣ್ಣನಿಗೆ ಬಿಟ್ಟದ್ದು. ಮೈಕ್ ಇದ್ದ ವರ್ಷಗಳಲ್ಲೂ ಫಜರ್‌ನ ಸಫ್‌ಗಳು ತುಂಬಿರಲಿಲ್ಲ ಎಂಬುದನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು. ಸಫ್ ತುಂಬುವುದು ಮೈಕ್‌ನಿಂದಲ್ಲ, ಮನಸ್ಸಿನಿಂದ.

ನೆರೆಯವನ ಹಕ್ಕಿನ ಬಗ್ಗೆ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ಅವನನ್ನು ವಾರಸುದಾರನನ್ನಾಗಿ ಮಾಡಿಬಿಡುವರೇನೋ ಎಂದು ಪ್ರವಾದಿಯವರಿಗೆ(ಸ) ಅನಿಸಿತ್ತು. ಆ ನೆರೆಯವನ ಅನ್ನ, ಗೋಡೆ, ದಾರಿಯ ಜೊತೆಗೆ ಅವನ ಕಿವಿ ಮತ್ತು ನಿದ್ದೆಯೂ ನಮ್ಮ ಬಳಿ ಇರುವ ಅಮಾನತ್. ಅವನು ಯಾವ ಧರ್ಮದವನೇ ಆಗಿರಲಿ. ನಾಳೆ ನಮ್ಮಿಂದ ಲೆಕ್ಕ ಕೇಳುವವನು ಇನ್‌ಸ್ಪೆಕ್ಟರ್ ಅಲ್ಲ, ಎದೆಯೊಳಗಿನ ಪಿಸುಮಾತನ್ನೂ ಕೇಳುವ ಅಲ್ಲಾಹನು.

ನಮ್ಮ ಕರೆಯಲ್ಲಿ ಸೌಂದರ್ಯವನ್ನೂ ನಮ್ಮ ನಡೆಯಲ್ಲಿ ಸೌಮ್ಯತೆಯನ್ನೂ ಅಲ್ಲಾಹನು ಕರುಣಿಸಲಿ. ಈ ಅವಳಿ ನಗರದ ಎಲ್ಲ ನೆರೆಹೊರೆಯವರಿಗೆ ನಮ್ಮಿಂದ ನೆಮ್ಮದಿ ಸಿಗುವಂತೆ ತೌಫೀಕ್ ನೀಡಲಿ. ಆಮೀನ್.